ಕತ್ತಿಗೆ ಚಾಕು ಇಟ್ಟವನೇ ವಾಸಿ

ಒಬ್ಬ ಮೊದಲ ಭೇಟಿಯಲ್ಲೇ ನಿಮ್ಮನ್ನು ನೆಲಕ್ಕೆ ಕೆಡವಿ ಕತ್ತಿಗೆ ಚಾಕು ಇಡುತ್ತಾನೆ. ಕೆಲವು ದಿನ ಕಳೆದ ಮೇಲೆ, ನೀವು ನಿದ್ದೆಯಲ್ಲಿರುವಾಗ, ಅದೇ ಕತ್ತಿಗೆ ಬಾಯಿ ಹಾಕಲು ಬರುತ್ತಾನೆ. ಇನ್ನೊಬ್ಬ ಮೊದಲಿನಿಂದಲೂ ನಿಮ್ಮ ಜೀವ ಕಾಯುತ್ತಿದ್ದಾನೆ. ಕನಸಿನಲ್ಲಿ ಬಂದು ಧೈರ್ಯ ಹೇಳುತ್ತಾನೆ. ಅವನಿಲ್ಲದಿದ್ದರೆ ನೀವು ನೀವಾಗಿ ಉಳಿಯುತ್ತಲೇ ಇರಲಿಲ್ಲ. ಇದೆಲ್ಲ ನಡೆಯುವುದು ಒಂದು ವಿಡಿಯೋ ಗೇಮ್‌ನಲ್ಲಿ. ಆಟ ಮುಗಿಯುವ ಹೊತ್ತಿಗೆ ಇವರಲ್ಲಿ ಯಾರನ್ನು ನಂಬಿರುತ್ತೀರಿ?

ನಾನಂತೂ ಚಾಕು ಇಟ್ಟವನನ್ನು ನಂಬಿದೆ. ಈ ಆಟ ಆಡಿದ ನನ್ನ ಗೆಳೆಯರನ್ನೂ ಕೇಳಿದೆ. ಬಹುತೇಕರದ್ದು ಅದೇ ಉತ್ತರ. ಜೀವ ಉಳಿಸಿದವನ ಹೆಸರು ಎತ್ತಿದರೆ ಸಾಕು, ಮುಖ ಸಿಂಡರಿಸುತ್ತಾರೆ.

ಆಟದ ಹೆಸರು ಬಾಲ್ಡರ್ಸ್ ಗೇಟ್ 3. ಬೆಲ್ಜಿಯಂನ ಲೇರಿಯನ್ ಸ್ಟುಡಿಯೋಸ್ 2023ರ ಆಗಸ್ಟ್‌ನಲ್ಲಿ ಬಿಡುಗಡೆ ಮಾಡಿದ್ದು. ಚಾಕುವಿನವನು ಆಸ್ಟೇರಿಯನ್, ರಕ್ತ ಕುಡಿಯುವ ಜಾತಿಯವನು. ಕಾಪಾಡಿದವನಿಗೆ ಎಂಪರರ್ ಅಂತ ಹೆಸರು. ಮುಂದೆ ಈ ಆಟದ ಜೊತೆಗೆ ಇನ್ನೂ ಕೆಲವು ಆಟಗಳ ಗುಟ್ಟುಗಳನ್ನೆಲ್ಲ ಬಿಚ್ಚಿಡುತ್ತೇನೆ. ಇನ್ನೂ ಆಡದವರು ಬೇಕಿದ್ದರೆ ಇಲ್ಲೇ ನಿಲ್ಲಿಸಿ, ಆಡಿ ಬನ್ನಿ. ಲೇಖನ ಎಲ್ಲೂ ಓಡಿ ಹೋಗುವುದಿಲ್ಲ.

ಆಡುವ ಅಭ್ಯಾಸವೇ ಇಲ್ಲದವರಿಗೆ ಒಂದೆರಡು ಮಾತು. ಇಂಥ ಆಟಗಳಲ್ಲಿ ನೀವು ಒಬ್ಬರೇ ಹೋಗುವುದಿಲ್ಲ. ಮೂರು ನಾಲ್ಕು ಜನ ಜೊತೆಗಾರರು ಇರುತ್ತಾರೆ. ಹೊಡೆದಾಟದ ಹೊತ್ತಿಗೆ ಜೊತೆಗಾರ ನಿಮ್ಮ ಕೈಯೇ ಆಗಿಬಿಡುತ್ತಾನೆ. ನೀವು ಎಲ್ಲಿ ಕ್ಲಿಕ್ ಮಾಡುತ್ತೀರೋ ಅಲ್ಲಿ ಹೊಡೆಯುತ್ತಾನೆ, ನೀವು ತೊಡಿಸಿದ ಕವಚ ತೊಡುತ್ತಾನೆ. ಮಾತಿನ ಹೊತ್ತಿಗೆ ಮಾತ್ರ ಬೇರೆ ಮನುಷ್ಯ. ಅವನ ಹೊಟ್ಟೆಯಲ್ಲಿ ಏನಿದೆ ಅನ್ನುವುದು ನಿಮಗೆ ಗೊತ್ತಿಲ್ಲ, ಕಥೆ ಬರೆದವರಿಗೆ ಮಾತ್ರ ಗೊತ್ತು.

ಇಲ್ಲೇ ತೊಡಕು ಶುರುವಾಗುವುದು. ಸಿನಿಮಾದಲ್ಲಿ ಅನುಮಾನಾಸ್ಪದ ಗೆಳೆಯ ಬಂದರೆ ನಾವು ನೋಡುತ್ತಾ ಕೂರುತ್ತೇವೆ. ಮೋಸ ಹೋದರೆ ನಾಯಕ ಹೋಗುತ್ತಾನೆ. ಆಟದಲ್ಲಿ ಹಾಗಲ್ಲ. ಅವನಿಗೆ ಒಳ್ಳೆಯ ಕತ್ತಿ ಹುಡುಕಿ ಕೊಟ್ಟವರು ನಾವು. ಬಿದ್ದಾಗ ಎಬ್ಬಿಸಿದವರು ನಾವು. ಅವನು ಕೈ ಕೊಟ್ಟರೆ ಕೋಪ ಬರುವುದು ಅವನ ಮೇಲಷ್ಟೇ ಅಲ್ಲ, ಬರೆದವರ ಮೇಲೂ. ಅಂದರೆ ಪ್ರತಿ ಜೊತೆಗಾರನ ಹಿಂದೆ ಎರಡು ನಂಬಿಕೆ ಕೆಲಸ ಮಾಡುತ್ತಿರುತ್ತವೆ: ಈ ಪಾತ್ರವನ್ನು ನಂಬಬಹುದಾ, ಈ ಪಾತ್ರವನ್ನು ಬರೆದ ಕೈಯನ್ನು ನಂಬಬಹುದಾ. ಎರಡನೆಯದು ಮುರಿದರೆ ಮೊದಲನೆಯದನ್ನು ಏನು ಮಾಡಿದರೂ ಕಟ್ಟಲಾಗುವುದಿಲ್ಲ.

ಹಾಗಾದರೆ ನಂಬಿಕೆ ಹುಟ್ಟುವುದು ಎಲ್ಲಿಂದ? ಪಾತ್ರ ಒಳ್ಳೆಯದಾ ಕೆಟ್ಟದ್ದಾ ಅನ್ನುವುದರಿಂದ ಅಲ್ಲ. ವಿಭೀಷಣನ ಕಥೆ ನೋಡಿ. ಶತ್ರುವಿನ ತಮ್ಮ, ಯುದ್ಧದ ಮುಂಚೆ ಈ ಕಡೆಗೆ ಬಂದಿದ್ದಾನೆ. ಸುಗ್ರೀವನಿಗೆ ಅನುಮಾನ ಬಂದದ್ದರಲ್ಲಿ ತಪ್ಪೇನೂ ಇಲ್ಲ. ಆದರೆ ಕೇಳುವವರಿಗೆ ಅವನ ಮೇಲೆ ನಂಬಿಕೆ ಬರುತ್ತದೆ. ಯಾಕೆ? ಬರುವಾಗ ಮನೆ, ಊರು, ಅಣ್ಣ ಎಲ್ಲ ಬಿಟ್ಟು ಬಂದಿದ್ದಾನೆ. ವಾಪಸ್ ಹೋಗುವ ದಾರಿ ಇಲ್ಲ. ನನ್ನ ಲೆಕ್ಕ ಇಷ್ಟೇ: ಅನುಮಾನದ ಮನುಷ್ಯ ನಂಬಿಕೆ ಗಳಿಸಬೇಕಾದರೆ ನಮ್ಮ ಕಣ್ಣೆದುರು ಏನನ್ನಾದರೂ ಕಳೆದುಕೊಳ್ಳಬೇಕು. ಆ ವಸ್ತು ನಿಜಕ್ಕೂ ಅವನದೇ ಆಗಿರಬೇಕು. ಕಳೆದುಕೊಂಡದ್ದು ಮರುದಿನ ವಾಪಸ್ ಸಿಗಬಾರದು.

ಈ ಕೊನೆಯ ಮಾತಿಗೆ ನನಗೆ ಯಾವಾಗಲೂ ನೆನಪಾಗುವುದು 1997ರ ಫೈನಲ್ ಫ್ಯಾಂಟಸಿ 7. ಅದರಲ್ಲಿ ಕೇಟ್ ಸಿತ್ ಅಂತ ಒಬ್ಬ. ದೊಡ್ಡ ಬೊಂಬೆಯ ಮೇಲೆ ಕೂತ ಬೆಕ್ಕು. ಜ್ಯೋತಿಷ್ಯ ಹೇಳುತ್ತೇನೆ ಅಂತ ಬಂದು ಅಂಟಿಕೊಳ್ಳುತ್ತದೆ. ಅಸಲಿಗೆ ಶತ್ರು ಕಂಪನಿಯ ಗೂಢಚಾರ. ದೂರದಲ್ಲಿ ಕೂತ ಮನುಷ್ಯನೊಬ್ಬ ಅದನ್ನು ಆಡಿಸುತ್ತಿರುತ್ತಾನೆ. ಮುಖ್ಯವಾದ ಕೀಲಿಕಲ್ಲನ್ನು ಕದ್ದು ಹೆಲಿಕಾಪ್ಟರ್‌ನಲ್ಲಿ ಬಂದ ಶತ್ರುವಿನ ಕೈಗೆ ಕೊಡುತ್ತದೆ. ಸಿಕ್ಕಿಬಿದ್ದಾಗ ಏನು ಮಾಡುತ್ತದೆ ಗೊತ್ತಾ? ಒಂದು ಪುಟ್ಟ ಹುಡುಗಿಯನ್ನು ಒತ್ತೆ ಇಟ್ಟುಕೊಂಡಿದ್ದೇವೆ, ನಾನು ನಿಮ್ಮ ಜೊತೆಗೇ ಬರುತ್ತೇನೆ ಅನ್ನುತ್ತದೆ. ಪಾರ್ಟಿಯವರು, ಅಂದರೆ ನಮ್ಮ ತಂಡದ ಜೊತೆಗಾರರು, ಗೊಣಗುತ್ತಾರೆ. ಆಡುವವರಿಗೆ ಅವನನ್ನು ಕಥೆಯಿಂದಲೇ ಆಚೆ ಹಾಕುವ ಬಟನ್ ಎಲ್ಲೂ ಇಲ್ಲ.

ಸ್ವಲ್ಪ ಹೊತ್ತಿಗೆ ಪ್ರಾಯಶ್ಚಿತ್ತದ ದೃಶ್ಯ ಬರುತ್ತದೆ. ಪುರಾತನ ದೇವಾಲಯದ ಒಳಗೆ ಯಾರಾದರೂ ಒಬ್ಬರು ಉಳಿದು ಸಾಯಲೇಬೇಕು. ನಾನು ಹೇಗಿದ್ದರೂ ಬೊಂಬೆ, ನಾನೇ ಉಳಿಯುತ್ತೇನೆ ಅಂತ ಕೇಟ್ ಸಿತ್ ಮುಂದೆ ಬರುತ್ತದೆ. ಹಿನ್ನೆಲೆಯಲ್ಲಿ ಸಂಗೀತ, ನಮ್ಮ ಗಂಟಲು ಕಟ್ಟಿದ ಹಾಗೆ. ಅದಾಗಿ ಕೆಲವೇ ನಿಮಿಷ. ಅದೇ ಥರದ ಇನ್ನೊಂದು ಬೊಂಬೆ ಕುಣಿಯುತ್ತಾ ಓಡಿ ಬಂದು, ನಾನು ಎರಡನೇ ನಂಬರ್ ಕೇಟ್ ಸಿತ್ ಅಂತ ಪರಿಚಯ ಮಾಡಿಕೊಳ್ಳುತ್ತದೆ.

ಮೊದಲ ಸಲ ನೋಡಿದಾಗ ನಕ್ಕಿದ್ದೆ. ಆಮೇಲೆ ಅನಿಸಿತು, ಹಾಗಾದರೆ ಕಳೆದುಕೊಂಡದ್ದೇನು? ಬೊಂಬೆ ಆಡಿಸುತ್ತಿದ್ದ ಮನುಷ್ಯ ಮುಂದೆ ನಿಜಕ್ಕೂ ಅಪಾಯ ಮೈಮೇಲೆ ಎಳೆದುಕೊಳ್ಳುತ್ತಾನೆ, ಅವನ ಒಳ್ಳೆಯತನವನ್ನು ಕಥೆ ತೋರಿಸುತ್ತದೆ. ಅಷ್ಟು ಹೊತ್ತಿಗೆ ನಾನು ಅವನನ್ನು ಹೊಡೆದಾಟಕ್ಕೆ ಕರೆದೊಯ್ಯುವವರ ಸಾಲಿನಿಂದ ತೆಗೆದು ಮೂಲೆಗೆ ಹಾಕಿದ್ದೆ. ಆಟದ ಕೊನೆಯವರೆಗೂ ಅಲ್ಲೇ ಇದ್ದ.

ಈಗ ಆಸ್ಟೇರಿಯನ್ ಹತ್ತಿರ ಬರೋಣ. ಅವನು ಇನ್ನೂರು ವರ್ಷ ಒಬ್ಬ ಯಜಮಾನನ ಗುಲಾಮನಾಗಿದ್ದವನು. ಊರಿನ ಜನರನ್ನು ಮರುಳು ಮಾಡಿ ಯಜಮಾನನ ಹಸಿವಿಗೆ ತಂದು ಒಪ್ಪಿಸುವುದೇ ಕೆಲಸ. ಆಟದ ಶುರುವಿನಲ್ಲಿ ಎಲ್ಲರ ತಲೆಯೊಳಗೂ ಗೊದಮೊಟ್ಟೆಯಂಥ ಒಂದು ಹುಳು ಸೇರಿಕೊಂಡಿರುತ್ತದೆ. ಉಳಿದವರಿಗೆ ಅದು ಶಾಪ. ಇವನಿಗೆ ಮಾತ್ರ ಅದೇ ಬಿಡುಗಡೆ: ಎರಡು ಶತಮಾನದ ನಂತರ ಬಿಸಿಲಿನಲ್ಲಿ ನಿಲ್ಲಬಹುದು.

ಒಳ್ಳೆಯ ಮನುಷ್ಯ ಅಂತ ಅವನು ಎಲ್ಲೂ ನಟಿಸುವುದಿಲ್ಲ. ನೀವು ಯಾರಿಗಾದರೂ ಸುಮ್ನೆ ಸಹಾಯ ಮಾಡಿದರೆ, ಆಸ್ಟೇರಿಯನ್‌ಗೆ ಇದು ಇಷ್ಟವಾಗಲಿಲ್ಲ ಅಂತ ಪರದೆಯ ಮೂಲೆಯಲ್ಲಿ ಬರುತ್ತದೆ. ಒಳ್ಳೆಯತನದಿಂದ ಆಡುವವರಿಗೆ ಮೊದಲ ಹತ್ತು ಗಂಟೆ ಇದೇ ಗೋಳು. ಆ ಕಚ್ಚುವ ರಾತ್ರಿ ಬರುತ್ತದಲ್ಲ, ಅಲ್ಲಿ ಆಟ ನಿಮ್ಮ ಕೈಗೆ ಪೂರ್ತಿ ಅಧಿಕಾರ ಕೊಡುತ್ತದೆ. ಓಡಿಸಬಹುದು, ಕೊಲ್ಲಬಹುದು, ಕುಡಿ ಅಂತ ಬಿಡಲೂಬಹುದು. ಬಿಟ್ಟರೆ ನಿಮಗೆ ನಿಶ್ಶಕ್ತಿ, ಮರುದಿನ ಸೋಲು ಗೆಲುವು ತೀರ್ಮಾನಿಸುವ ದಾಳಗಳಲ್ಲಿ ಹಿನ್ನಡೆ. ಸಾಕು ಅಂದಾಗ ನಿಲ್ಲಿಸುತ್ತಾನೋ ಇಲ್ಲವೋ ಅನ್ನುವುದಕ್ಕೂ ದಾಳ ಉರುಳಬೇಕು. ಅಂದರೆ ಅವನನ್ನು ನಂಬುವುದಕ್ಕೆ ಬೆಲೆ ಇದೆ, ಆ ಬೆಲೆ ತೆರುವುದೋ ಬೇಡವೋ ಅನ್ನುವುದನ್ನು ನೀವು ತೀರ್ಮಾನಿಸುತ್ತೀರಿ.

ಎರಡನೇ ಅಂಕದಲ್ಲಿ ನನಗೆ ತುಂಬಾ ಇಷ್ಟವಾದ ಪುಟ್ಟ ದೃಶ್ಯವಿದೆ. ಮೂನ್‌ರೈಸ್ ಗೋಪುರದಲ್ಲಿ ಆರಾಜ್ ಅನ್ನುವ ವ್ಯಾಪಾರಿ. ಆಸ್ಟೇರಿಯನ್ ತನ್ನನ್ನು ಕಚ್ಚಬೇಕು ಅನ್ನುವುದು ಅವಳ ಆಸೆ. ಬದಲಿಗೆ ನಿಮ್ಮ ಬಲವನ್ನು ಶಾಶ್ವತವಾಗಿ ಎರಡು ಪಾಯಿಂಟ್ ಏರಿಸುವ ಔಷಧಿ ಕೊಡುತ್ತಾಳೆ. ಇಡೀ ಆಟದಲ್ಲಿ ಅಂಥ ವಸ್ತು ಬಲು ಅಪರೂಪ. ಅವನು ಬೇಡ ಅನ್ನುತ್ತಾನೆ. ಅವಳ ರಕ್ತದ ವಾಸನೆಯೇ ಸರಿಯಿಲ್ಲ ಅವನಿಗೆ. ಈಗ ನೀವು ಒತ್ತಾಯ ಮಾಡಬಹುದು. ಮಾಡಿದರೆ ಔಷಧಿ ಸಿಗುತ್ತದೆ, ಅವನು ಕಚ್ಚುತ್ತಾನೆ. ಮಾಡದಿದ್ದರೆ ಔಷಧಿ ಹೋಯಿತು, ಆದರೆ ಆಮೇಲೆ ಅವನೇ ಬಂದು ಅದರ ಬಗ್ಗೆ ಮಾತಾಡುತ್ತಾನೆ. ಇನ್ನೂರು ವರ್ಷದಲ್ಲಿ ಬೇಡ ಅನ್ನುವ ಹಕ್ಕೇ ಇಲ್ಲದವನು ಇವನು. ಅಲ್ಲಿಯವರೆಗೂ ನಾವು ಕೇಳುತ್ತಿದ್ದದ್ದು, ಇವನನ್ನು ನಂಬಬಹುದಾ ಅಂತ. ಇಲ್ಲಿ ಪ್ರಶ್ನೆ ಉಲ್ಟಾ ಆಗುತ್ತದೆ. ಅವನು ನಮ್ಮನ್ನು ನಂಬಬಹುದಾ? ಎರಡು ಪಾಯಿಂಟ್ ಬಲ ಕೈಬಿಟ್ಟಾಗ ಕಳೆದುಕೊಂಡವರು ನಾವು. ಕಳೆದುಕೊಂಡ ಮೇಲೆ ಸಂಬಂಧಕ್ಕೆ ಒಂದು ತೂಕ ಬರುತ್ತದೆ, ಅಲ್ವಾ.

ಕೊನೆಗೆ ಯಜಮಾನನನ್ನು ಕೊಂದು ಅವನ ಜಾಗಕ್ಕೆ ತಾನೇ ಏರುವ ಅವಕಾಶ ಆಸ್ಟೇರಿಯನ್‌ಗೆ ಸಿಗುತ್ತದೆ. ಅದಕ್ಕೆ 7,000ಕ್ಕೂ ಹೆಚ್ಚು ಜೀವಗಳ ಬಲಿ ಬೇಕು. ಏರಿದರೆ ಬಿಸಿಲು ಶಾಶ್ವತ. ಬೇಡ ಅಂದರೆ ಮತ್ತೆ ಕತ್ತಲು. ಏರುವುದು ಬೇಡ ಅಂತ ಅವನನ್ನು ಒಪ್ಪಿಸಿದಿರಿ ಅಂದುಕೊಳ್ಳಿ, ಆಟದ ಕೊನೆಯಲ್ಲಿ ಹುಳು ಸತ್ತ ಮರುಕ್ಷಣ ಬಿಸಿಲು ಅವನ ಮೈ ಸುಡುತ್ತದೆ. ಬಂದರಿನ ಕಟ್ಟೆಯಿಂದ ನೆರಳು ಹುಡುಕಿ ಓಡುತ್ತಾನೆ. ಎರಡನೇ ನಂಬರ್ ಬೊಂಬೆ ಇಲ್ಲಿ ಬರುವುದಿಲ್ಲ. ಈ ಪಾತ್ರಕ್ಕೆ ಧ್ವನಿ ಕೊಟ್ಟ ನೀಲ್ ನ್ಯೂಬನ್‌ಗೆ ಆ ವರ್ಷದ ಗೇಮ್ ಅವಾರ್ಡ್ಸ್‌ನಲ್ಲಿ ಅತ್ಯುತ್ತಮ ನಟನೆಯ ಪ್ರಶಸ್ತಿ ಬಂತು. ಬರದಿದ್ದರೆ ಆಶ್ಚರ್ಯವಾಗುತ್ತಿತ್ತು.

ಕಾಪಾಡಿದವನ ಪಾಡು

ಎಂಪರರ್ ಪಕ್ಕಾ ಲೆಕ್ಕದಲ್ಲಿ ಜೊತೆಗಾರನಲ್ಲ, ನಿಮ್ಮ ಪಾರ್ಟಿಯಲ್ಲಿ ತಿರುಗುವುದಿಲ್ಲ. ಆದರೆ ಕಥೆಯಲ್ಲಿ ಅವನ ಜಾಗ ಉಳಿದೆಲ್ಲರಿಗಿಂತ ದೊಡ್ಡದು. ಆಟ ಶುರುವಾಗುವಾಗ ನಿಮ್ಮ ಪಾತ್ರದ ಮುಖ ಮಾಡಿದ ಕೂಡಲೇ ಇನ್ನೊಂದು ಮುಖವನ್ನೂ ಮಾಡಿ ಅಂತ ಆಟ ಕೇಳುತ್ತದೆ. ಅದು ಯಾರದ್ದು ಅಂತ ಸರಿಯಾಗಿ ಹೇಳುವುದಿಲ್ಲ. ನಾನು ಅರ್ಧ ಗಂಟೆ ಕೂತು ಕಣ್ಣು, ಕೂದಲು ಎಲ್ಲ ಆರಿಸಿದ್ದೆ. ಆ ಮುಖವೇ ಕನಸಿನಲ್ಲಿ ಬಂದು ನಿಮ್ಮನ್ನು ಕಾಪಾಡುತ್ತೇನೆ ಅನ್ನುತ್ತದೆ. ಮೂರನೇ ಅಂಕದ ಬಾಗಿಲಲ್ಲಿ ವೇಷ ಕಳಚುತ್ತದೆ. ಒಳಗಿರುವುದು ಮೈಂಡ್ ಫ್ಲೇಯರ್: ಬಾಯಿಯ ಜಾಗದಲ್ಲಿ ಗ್ರಹಣಾಂಗಗಳಿರುವ, ಮಿದುಳು ತಿನ್ನುವ ಜೀವಿ. ನಿಮ್ಮ ತಲೆಗೆ ಹುಳು ಬಿಟ್ಟ ಜಾತಿಯೇ.

ಜಾತಿ ಯಾವುದು ಅನ್ನುವುದು ನನಗೆ ದೊಡ್ಡ ವಿಷಯ ಅಲ್ಲ. ಮೋಸಕ್ಕೆ ನನ್ನ ಕೈಯನ್ನೇ ಬಳಸಿಕೊಂಡದ್ದು ಚುಚ್ಚುತ್ತದೆ. ಆ ಮುಖ ಮಾಡಿದವನು ನಾನು. ಪಾತ್ರ ನನ್ನ ಪಾತ್ರಕ್ಕೆ ಸುಳ್ಳು ಹೇಳಿದರೆ ಅದು ಕಥೆ. ಆಟದ ಮೆನು ನನಗೇ ಸುಳ್ಳು ಹೇಳಿದರೆ? ಆಗ ಮುರಿಯುವುದು ಆ ಎರಡನೇ ನಂಬಿಕೆ, ಬರೆದ ಕೈಯ ಮೇಲಿನದು.

ಅದೇ ಆಟದ ಶ್ಯಾಡೋಹಾರ್ಟ್‌ಳನ್ನು ಪಕ್ಕದಲ್ಲಿಟ್ಟು ನೋಡಿ. ಅವಳ ಹತ್ತಿರವೂ ಗುಟ್ಟಿದೆ. ಕೈಯಲ್ಲಿ ವಿಚಿತ್ರ ವಸ್ತು ಹಿಡಿದು ತಿರುಗುತ್ತಾಳೆ. ಏನಮ್ಮಾ ಅದು ಅಂತ ಕೇಳಿದರೆ ಹೇಳಲಾರೆ ಅನ್ನುತ್ತಾಳೆ. ಸಿಟ್ಟು ಬರುತ್ತದೆ, ಆದರೆ ಮೋಸ ಅನಿಸುವುದಿಲ್ಲ. ಬೀಗ ಹಾಕಿದ ಪೆಟ್ಟಿಗೆಯನ್ನು ಕಣ್ಣೆದುರೇ ಇಟ್ಟಿದ್ದಾಳೆ. ಎಂಪರರ್ ಪೆಟ್ಟಿಗೆಯೇ ಇಲ್ಲ ಅಂದವನು.

ಆಮೇಲೂ ಅವನ ವರಸೆ ಬದಲಾಗುವುದಿಲ್ಲ. ಸತ್ಯ ಹೇಳುತ್ತಾನೆ, ಆದರೆ ಯಾವಾಗಲೂ ಸಿಕ್ಕಿಬಿದ್ದ ಮೇಲೆ. ನಿಮ್ಮನ್ನು ಕಾಪಾಡುತ್ತಿದ್ದದ್ದು ತನ್ನ ಸ್ವಂತ ಶಕ್ತಿಯಲ್ಲ, ಸೆರೆಯಲ್ಲಿರುವ ಆರ್ಫಿಯಸ್ ಅನ್ನುವ ರಾಜಕುಮಾರನ ಶಕ್ತಿ. ಅದು ಗೊತ್ತಾಗುವುದು ನೀವು ಒಳಗೆ ಹೋಗಿ ಕಣ್ಣಾರೆ ಕಂಡ ಮೇಲೆ. ತಾನೇ ಬಾಲ್ಡರ್ಸ್ ಗೇಟ್ ಅನ್ನುವ ಊರು ಕಟ್ಟಿದ ಬಾಲ್ಡುರಾನ್ ಅನ್ನುವುದು ಗೊತ್ತಾಗುವುದು ನೆಲದಡಿಯಲ್ಲಿ ಸತ್ತು ಬಿದ್ದ ಡ್ರ್ಯಾಗನ್ ಸಿಕ್ಕ ಮೇಲೆ. ಆ ಡ್ರ್ಯಾಗನ್ ಅವನ ಹಳೆಯ ಗೆಳೆಯ, ಕೊಂದವನು ಇವನೇ. ಡ್ಯೂಕ್ ಸ್ಟೆಲ್‌ಮೇನ್ ಅನ್ನುವ ಹೆಂಗಸು ತನ್ನ ಪಾಲುದಾರಳಾಗಿದ್ದಳು ಅನ್ನುತ್ತಾನೆ. ಅವನನ್ನು ಮುಖಕ್ಕೆ ಹೊಡೆದ ಹಾಗೆ ತಿರಸ್ಕರಿಸಿ ನೋಡಿ, ಅವಳ ಮನಸ್ಸನ್ನು ಹಿಂಡಿ ಬೊಂಬೆ ಮಾಡಿಕೊಂಡಿದ್ದ ನೆನಪನ್ನು ತೋರಿಸುತ್ತಾನೆ. ನಿಮ್ಮನ್ನೂ ಹಾಗೆ ಮಾಡಬಹುದಿತ್ತು ಅನ್ನುವ ಧಾಟಿಯಲ್ಲಿ.

ಇದಕ್ಕಿಂತ ದೊಡ್ಡ ತೊಂದರೆ ಇನ್ನೊಂದು. ವೇಷ ಕಳಚಿದ ಕ್ಷಣದಲ್ಲಿ ಅವನನ್ನು ಕೊಲ್ಲುವ ಅವಕಾಶವಿದೆ. ಕೊಂದರೆ ರಕ್ಷಣೆ ಹೋಗಿ ನೀವೆಲ್ಲ ಮೈಂಡ್ ಫ್ಲೇಯರ್ ಆಗುತ್ತೀರಿ. ಆಟ ಮುಗಿಯಿತು, ಹಳೆಯ ಸೇವ್ (ಮೊದಲೇ ಉಳಿಸಿಟ್ಟ ಆಟ) ತೆರೆಯಿರಿ. ಅಂದರೆ ಅವನ ಜೊತೆ ಇರುವುದನ್ನು ನಾವು ಆರಿಸಿಕೊಂಡಿದ್ದಲ್ಲ. ತಪ್ಪಿಸಿಕೊಳ್ಳಲು ದಾರಿ ಇಲ್ಲದ ಕಡೆ ಇರುವುದು ನಂಬಿಕೆ ಅಲ್ಲ, ಹಂಗು. ಹೊಳೆ ದಾಟುವವರೆಗೆ ಅಂಬಿಗನ ಹಂಗು ಇದ್ದೇ ಇರುತ್ತದೆ. ಹಾಗಂತ ಅಂಬಿಗನ ಕೈಗೆ ಮನೆ ಕೀಲಿ ಕೊಡುತ್ತೇವಾ?

ಆಮೇಲೆ ಆ ಕುಖ್ಯಾತ ತಿರುವು. ಕೊನೆಯಲ್ಲಿ ನೀವು ಆರ್ಫಿಯಸ್‌ನನ್ನು ಬಿಡಿಸುತ್ತೇನೆ ಅಂದರೆ ಎಂಪರರ್ ನೇರವಾಗಿ ಶತ್ರು ಪಾಳಯಕ್ಕೆ ಹೋಗುತ್ತಾನೆ. ಮೈಂಡ್ ಫ್ಲೇಯರ್‌ಗಳನ್ನು ಆಳುವ ಯಾವ ಮಹಾಮಿದುಳಿನ ಗುಲಾಮಗಿರಿಯಿಂದ ತಪ್ಪಿಸಿಕೊಳ್ಳುವುದೇ ಅವನ ಬದುಕಿನ ಗುರಿಯಾಗಿತ್ತೋ, ಅದರ ಕಾಲಿಗೇ. ಬದುಕಬೇಕಾದರೆ ಬೇರೆ ದಾರಿ ಇಲ್ಲ ಅನ್ನುವುದು ಅವನ ವಾದ. ಒಪ್ಪಬಹುದೋ ಏನೋ. ನನಗೆ ಮಾತ್ರ ಅಲ್ಲಿ ಪಾತ್ರ ನಡೆದ ಹಾಗೆ ಕಾಣಲಿಲ್ಲ. ಯಾರೋ ಹಿಂದಿನಿಂದ ತಳ್ಳಿದ ಹಾಗೆ ಕಂಡಿತು.

ಬೂಟು ಕೊಟ್ಟು ಕೊಂಡ ಸ್ನೇಹ

ಇನ್ನೊಂದು ಬಗೆಯ ಸೋಲು ಇದೆ, ಅದು ಕಥೆಯಲ್ಲಿ ಅಲ್ಲ, ಲೆಕ್ಕದ ಪಟ್ಟಿಯಲ್ಲಿ. 2009ರ ಡ್ರ್ಯಾಗನ್ ಏಜ್ ಒರಿಜಿನ್ಸ್‌ನಲ್ಲಿ ಪ್ರತಿ ಜೊತೆಗಾರನಿಗೂ ನಿಮ್ಮ ಮೇಲಿನ ಒಲವು ಮೈನಸ್ 100ರಿಂದ 100ರ ತನಕ ಅಂಕಿಯಲ್ಲಿ ಕಾಣುತ್ತದೆ. ಜೆವ್ರಾನ್ ಅನ್ನುವವನು ನಿಮ್ಮನ್ನು ಕೊಲ್ಲಲು ಸುಪಾರಿ ಪಡೆದು ಬಂದವನು. ಸೋತು, ಬಿಟ್ಟರೆ ನಿಮ್ಮ ಜೊತೆಗೇ ಬರುತ್ತೇನೆ ಅನ್ನುತ್ತಾನೆ. ಮುಂದೆ ಅವನ ಹಳೆಯ ಜೊತೆಯವನು ಅವನನ್ನು ವಾಪಸ್ ಕರೆಯಲು ಬರುತ್ತಾನೆ. ಒಲವು ಚೆನ್ನಾಗಿದ್ದರೆ ಜೆವ್ರಾನ್ ನಿಮ್ಮ ಪರ ಕತ್ತಿ ಎತ್ತುತ್ತಾನೆ, ಕೆಟ್ಟಿದ್ದರೆ ನಿಮ್ಮ ಮೇಲೆಯೇ. ಸೊಗಸಾದ ಪರೀಕ್ಷೆ. ಆದರೆ ಒಲವನ್ನು ಉಡುಗೊರೆ ಕೊಟ್ಟೂ ಏರಿಸಬಹುದು. ಅವನ ಊರಿನ ಚರ್ಮದ ಬೂಟು ಕೊಟ್ಟೆ, ಅಂಕಿ ಏರಿತು. ಕೊನೆಗೆ ಅವನು ನನ್ನ ಪಕ್ಕ ನಿಂತಾಗ, ನಿಂತದ್ದು ಅವನೋ ಬೂಟೋ ಅಂತ ಗೊತ್ತಾಗಲಿಲ್ಲ.

ಎರಡು ವರ್ಷ ಬಿಟ್ಟು ಬಂದ ಡ್ರ್ಯಾಗನ್ ಏಜ್ 2 ಇದನ್ನು ಜಾಣತನದಿಂದ ತಿದ್ದಿತು. ಅಲ್ಲಿ ಪಟ್ಟಿಯ ಒಂದು ತುದಿ ಗೆಳೆತನ, ಇನ್ನೊಂದು ತುದಿ ಪೈಪೋಟಿ. ಇಸಬೆಲಾ ಅನ್ನುವ ಕಡಲ್ಗಳ್ಳಿ ಇಡೀ ಊರಿಗೆ ಬೆಂಕಿ ಬೀಳಲು ಕಾರಣವಾದ ಗ್ರಂಥವನ್ನು ಹೊತ್ತುಕೊಂಡು ಓಡಿ ಹೋಗುತ್ತಾಳೆ. ನೀವು ಅವಳ ಜೊತೆ ಗಟ್ಟಿ ಗೆಳೆತನ ಬೆಳೆಸಿದ್ದರೆ ವಾಪಸ್ ಬರುತ್ತಾಳೆ. ಅವಳನ್ನು ಸದಾ ಬೈದು ಗಟ್ಟಿ ಪೈಪೋಟಿ ಬೆಳೆಸಿದ್ದರೂ ಬರುತ್ತಾಳೆ! ಬಾರದಿರುವುದು ಬೆಚ್ಚಗೂ ಇಲ್ಲದ, ತಣ್ಣಗೂ ಇಲ್ಲದ ಸಂಬಂಧ ಇದ್ದಾಗ. ನನಗೆ ಇದು ನಿಜ ಜೀವನಕ್ಕೆ ಹತ್ತಿರ ಅನಿಸಿತು. ಮುಖಕ್ಕೆ ಮುಖ ಕೊಟ್ಟು ಜಗಳಾಡಿದವರು ಕಷ್ಟಕ್ಕೆ ಬರುತ್ತಾರೆ. ನಯವಾಗಿ ನಕ್ಕವರು ಬರದೇ ಇರಬಹುದು.

ಒಂದೇ ಪಾತ್ರ, ಎರಡು ಸಲ

ಇದೆಲ್ಲ ನನ್ನ ರುಚಿಯ ಮಾತು ಅನಿಸಿದರೆ ಗೋರೋ ಅಕೇಚಿಯನ್ನು ನೋಡಿ. ಒಂದೇ ಪಾತ್ರವನ್ನು ಒಂದೇ ಕಂಪನಿ ಎರಡು ಸಲ ಬರೆದಿದೆ.

ಪರ್ಸೋನಾ 5 ಜಪಾನಿನಲ್ಲಿ 2016ರಲ್ಲಿ ಬಂತು. ಅಕೇಚಿ ಟೀವಿಯಲ್ಲಿ ಬರುವ ಹದಿಹರೆಯದ ಪತ್ತೇದಾರ, ಮುಖದ ತುಂಬ ನಗು. ಮೊದಲ ಭೇಟಿಯಲ್ಲೇ ಒಂದು ಎಡವಟ್ಟು ಮಾಡುತ್ತಾನೆ. ನಮ್ಮ ತಂಡದ ಬೆಕ್ಕು ಪ್ಯಾನ್‌ಕೇಕ್ ಬಗ್ಗೆ ಏನೋ ಹೇಳಿರುತ್ತದೆ. ಆ ಬೆಕ್ಕಿನ ಮಾತು ಕೇಳಿಸುವುದು ಇನ್ನೊಂದು ಲೋಕಕ್ಕೆ ಹೋಗಿ ಬಂದವರಿಗೆ ಮಾತ್ರ. ಅಕೇಚಿ ಬಂದು, ಯಾರೋ ಪ್ಯಾನ್‌ಕೇಕ್ ಅಂದ ಹಾಗಿತ್ತು ಅನ್ನುತ್ತಾನೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಕಥೆ. ಆಡುವವರಲ್ಲಿ ಎಷ್ಟೋ ಜನಕ್ಕೆ ಅಲ್ಲೇ ಗೊತ್ತಾಗಿಬಿಡುತ್ತದೆ. ಗೊತ್ತಾದರೆ ತೊಂದರೆ ಇಲ್ಲ. ತೊಂದರೆ ಬೇರೆ: ಮೂಲ ಆಟದಲ್ಲಿ ಅವನ ಜೊತೆಗಿನ ಸ್ನೇಹ ಕಥೆ ಸಾಗಿದ ಹಾಗೆ ತಾನಾಗಿಯೇ ಮೇಲೇರುತ್ತದೆ. ಉಳಿದ ಹೆಚ್ಚಿನವರ ಜೊತೆ ಸಂಜೆ ಕಳೆದು, ಊಟ ಮಾಡಿ, ಸ್ನೇಹ ಗಳಿಸಬೇಕು. ಇವನದ್ದು ಪುಕ್ಕಟೆ. ಹಾಗಾಗಿ ಅವನು ಮೋಸ ಮಾಡಿದಾಗ ಎದೆ ಒಡೆಯುವುದಿಲ್ಲ. ಕೊನೆಯಲ್ಲಿ ನಮಗಾಗಿ ಸತ್ತಾಗ ಪಾಪ ಅನಿಸುತ್ತದೆ, ಅಷ್ಟೇ.

2019ರಲ್ಲಿ ಅದೇ ಆಟದ ದೊಡ್ಡ ಆವೃತ್ತಿ ರಾಯಲ್ ಬಂತು. ಅಲ್ಲಿ ಅಕೇಚಿಗೆ ನೀವೇ ಸಮಯ ಕೊಡಬೇಕು. ಅವನ ಜೊತೆ ಬಿಲಿಯರ್ಡ್ಸ್ ಆಡಬೇಕು, ಜಾಝ್ ಕೇಳಲು ಹೋಗಬೇಕು. ಒಂದು ರಾತ್ರಿ ನಗು ಕಳಚಿ, ನಿನ್ನನ್ನು ಕಂಡರೆ ನನಗೆ ಆಗುವುದಿಲ್ಲ ಅಂತ ಮುಖಕ್ಕೇ ಹೇಳಿ, ಕೈಗವಸು ಎಸೆದು ಸವಾಲು ಹಾಕುತ್ತಾನೆ. ನನಗೆ ಅವನು ಮೊದಲ ಸಲ ಹಿಡಿಸಿದ್ದು ಅಲ್ಲಿ! ಆಮೇಲೆ ಹೊಸ ಕೊನೆ. ಎಲ್ಲರ ಆಸೆಯೂ ಈಡೇರಿದ ಒಂದು ಸುಳ್ಳು ಲೋಕ, ಅದರಲ್ಲಿ ಸತ್ತ ಅಕೇಚಿ ಬದುಕಿದ್ದಾನೆ. ಆ ಲೋಕ ಮುರಿದರೆ ತಾನು ಇರುವುದಿಲ್ಲ ಅನ್ನುವುದು ಅವನಿಗೆ ಅರ್ಥವಾಗುತ್ತದೆ. ಆದರೂ ಮುರಿ ಅನ್ನುತ್ತಾನೆ. ಇನ್ನೊಬ್ಬ ದಾನ ಕೊಟ್ಟ ಬದುಕು ನನಗೆ ಬೇಡ ಅನ್ನುವ ಹಟ. ಈ ಹೊತ್ತಿಗೆ ಅವನು ಒಂದಿಷ್ಟೂ ಒಳ್ಳೆಯವನಾಗಿಲ್ಲ. ಮೊದಲಿಗಿಂತ ಒರಟ, ಕಠೋರ. ನಂಬಿಕೆ ಮಾತ್ರ ಪೂರ್ತಿ ಇದೆ. ಇರುವ ಒಂದೇ ಆಸ್ತಿಯನ್ನು ಮೇಜಿನ ಮೇಲೆ ಇಟ್ಟಿದ್ದಾನಲ್ಲ.

ಎಲ್ಲ ಜೊತೆಗಾರರೂ ನಂಬಿಕೆ ಗಳಿಸಲೇಬೇಕು ಅಂತಲೂ ಇಲ್ಲ. 2004ರ ನೈಟ್ಸ್ ಆಫ್ ದಿ ಓಲ್ಡ್ ರಿಪಬ್ಲಿಕ್ 2ರಲ್ಲಿ ಕ್ರೇಯಾ ಅನ್ನುವ ಅಜ್ಜಿ ಇದ್ದಾಳೆ. ಭಿಕ್ಷುಕನಿಗೆ ಕಾಸು ಕೊಟ್ಟರೂ ಬೈಗುಳ, ಕೊಡದಿದ್ದರೂ ಬೈಗುಳ. ನಿಮ್ಮನ್ನು ಬಳಸಿಕೊಳ್ಳುತ್ತಿದ್ದಾಳೆ ಅನ್ನುವುದರಲ್ಲಿ ಯಾವ ಸಂದೇಹವೂ ಉಳಿಯುವುದಿಲ್ಲ. ಅವಳನ್ನು ನಂಬದೆಯೇ ನಾನು ಅವಳ ಮಾತು ಕೇಳಲು ಪದೇ ಪದೇ ಹೋಗಿ ಕೂರುತ್ತಿದ್ದೆ. ನನ್ನನ್ನು ಪ್ರೀತಿಸು ಅಂತ ಅವಳು ಕೇಳಲೇ ಇಲ್ಲ. ಎಂಪರರ್ ಕೇಳುತ್ತಾನೆ, ಅಂಗಿ ಬಿಚ್ಚಿಕೊಂಡು ಬಂದು ಕೇಳುತ್ತಾನೆ. ಅಲ್ಲಿಗೆ ನನಗೆ ಸಾಕಾಯಿತು.

ಕಳೆದ ವರ್ಷ ಬಾಲ್ಡರ್ಸ್ ಗೇಟ್ 3 ಅನ್ನು ಎರಡನೇ ಸಲ ಆಡಿದೆ. ಈ ಸಲ ಹಟಕ್ಕೆ ಬಿದ್ದು ಎಂಪರರ್ ಹೇಳಿದ್ದಕ್ಕೆಲ್ಲ ಹೂಂ ಅಂದೆ. ಆರ್ಫಿಯಸ್‌ನನ್ನು ಬಿಡಿಸಲಿಲ್ಲ. ಎಲ್ಲ ಶಕ್ತಿಯನ್ನೂ ಅವನ ಕೈಗೇ ಒಪ್ಪಿಸಿದೆ. ಅವನು ಕೊಟ್ಟ ಮಾತು ಉಳಿಸಿಕೊಂಡ. ಮಹಾಮಿದುಳನ್ನು ಬಗ್ಗಿಸಿದ, ನಾಶ ಮಾಡು ಅಂದಾಗ ಅಡ್ಡ ಬರಲಿಲ್ಲ. ನನಗೆ ಒಂದು ಗೀರೂ ಆಗಲಿಲ್ಲ. ಆದರೂ ತೆರೆಯ ಮೇಲೆ ಹೆಸರುಗಳು ಓಡಲು ಶುರುವಾಗುವವರೆಗೂ ಮೌಸ್ ಮೇಲಿನ ಕೈ ತೆಗೆದಿರಲಿಲ್ಲ. ಐದು ನಿಮಿಷಕ್ಕೊಂದು ಸೇವ್ ಮಾಡಿಟ್ಟಿದ್ದೆ.